ಇಲ್ಲದ ಮೊಣಕಾಲು ನೋವು

ಸಿಂಗಾಪುರದಲ್ಲಿ ಐಸ್ ಹಾಕಿ ಆಟ ಕಲಿಸುತ್ತೇನೆ ಎಂದ ಕೂಡಲೇ ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕನ್ನಡದವರ ಕೂಟಗಳಲ್ಲಿ ಈ ನಗು ಖಾತ್ರಿ. ದೀಪಾವಳಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಅಂಕಲ್ ಒಬ್ಬರು, "ಇಲ್ಲಿ ಫ್ರಿಜ್ ಬಿಟ್ರೆ ಐಸ್ ಎಲ್ಲಮ್ಮಾ ಇದೆ?" ಎನ್ನುತ್ತಾರೆ. ಪ್ರತಿ ವರ್ಷ ಬೇರೆ ಅಂಕಲ್, ಅದೇ ಫ್ರಿಜ್. ಹಿಂದೆ ನಿಂತವರಿಗೆಲ್ಲ ಅದು ಹೊಸ ಜೋಕು.

ಐಸ್ ಇದೆ. ಮಾಲ್ ಒಂದರ ಮೂರನೇ ಮಹಡಿಯಲ್ಲಿ, ಒಂದು ಕಡೆ ಬಬಲ್ ಟೀ ಅಂಗಡಿ, ಇನ್ನೊಂದು ಕಡೆ ಟ್ಯೂಷನ್ ಸೆಂಟರು, ನಡುವೆ ನಮ್ಮ ರಿಂಕ್. ಹತ್ತನೇ ವಯಸ್ಸಿಗೆ ನಾನು ಅಲ್ಲೇ ಬಿದ್ದು, ಅಲ್ಲೇ ಎದ್ದು ಕಲಿತೆ. ಅಲ್ಲಿಂದ ಉತ್ತರ ಯುರೋಪಿನ ಒಂದು ಸಣ್ಣ ಊರಿನ ಕ್ಲಬ್ಬಿಗೆ ಹೋಗಿ ನಾಲ್ಕು ವರ್ಷ ಸಂಬಳ ತೆಗೆದುಕೊಂಡು ಆಡಿದೆ. ವಾಪಸ್ ಬಂದು ಕೋಚ್ ಆದೆ. ಬೆಳಿಗ್ಗೆ ಆರಕ್ಕೆ ಹುಡುಗಿಯರ ತಂಡಕ್ಕೆ ತರಬೇತಿ. ಮಧ್ಯಾಹ್ನ ಹುಟ್ಟುಹಬ್ಬದ ಪಾರ್ಟಿಗೆ ಬಂದ ಚಿಕ್ಕ ಮಕ್ಕಳಿಗೆ ಬೀಳದಿರಲೆಂದು ಪ್ಲಾಸ್ಟಿಕ್ ಪೆಂಗ್ವಿನ್ ಹಿಡಿಸಿ, ಅವರನ್ನು ಐಸ್ ಮೇಲೆ ತಳ್ಳಿಕೊಂಡು ಓಡಾಡುವ ಕೆಲಸ. ಎರಡನೆಯದು ಮಾಡದಿದ್ದರೆ ಮೊದಲನೆಯದು ನಡೆಯುವುದಿಲ್ಲ. ಅದಕ್ಕೂ ನನಗೆ ಸಿಟ್ಟಿದೆ.

ಫ್ರಿಜ್ ಜೋಕು ಮುಗಿದ ಮೇಲೆ ಬರುವ ಪ್ರಶ್ನೆ, "ಅಷ್ಟು ಚೆನ್ನಾಗಿ ಆಡ್ತಿದ್ರಂತೆ, ಯಾಕೆ ಬಿಟ್ರಿ?" ಉತ್ತರ ಎಲ್ಲರಿಗೂ ಗೊತ್ತಿತ್ತು. ಮೊಣಕಾಲಿಗೆ ಪೆಟ್ಟಾಯಿತು, ಬಿಟ್ಟಳು. ಅಪ್ಪ ಹಾಗೆ ಹೇಳುತ್ತಿದ್ದರು, ಅವ್ವ ಹಾಗೆ ಹೇಳುತ್ತಿದ್ದಳು, ಕ್ಲಬ್ಬಿನ ಪೋಸ್ಟರಿನಲ್ಲಿ ನನ್ನ ಫೋಟೋ ಕೆಳಗೂ ಹಾಗೇ ಬರೆದಿತ್ತು. ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ. ಎರಡಕ್ಕೂ. ಒಂಬತ್ತು ವರ್ಷ ನಾನು ಈ ಮಾತನ್ನು ಯಾರಿಗೂ ಹೇಳಲಿಲ್ಲ.

ಅಪ್ಪ ಸೆಂಬವಾಂಗ್‌ನ ಶಿಪ್‌ಯಾರ್ಡಿನಲ್ಲಿ ವೆಲ್ಡಿಂಗ್ ತಪಾಸಣೆಯ ಕೆಲಸದಲ್ಲಿದ್ದರು. ಬಾಗಲಕೋಟೆ ಕಡೆಯಿಂದ ನಮ್ಮನ್ನು ಕರೆದುಕೊಂಡು ಬಂದಾಗ ನನಗೆ ನಾಲ್ಕು ವರ್ಷ. ಶಾಲೆಯವರು ಒಮ್ಮೆ ರಿಂಕಿಗೆ ಕರೆದುಕೊಂಡು ಹೋದರು, ನಾನು ಅಲ್ಲಿಂದ ಮನೆಗೆ ಬರಲೊಲ್ಲೆ ಎಂದು ಹಟ ಹಿಡಿದೆ. "ಹೆಣ್ಣುಮಗಳು ಕೋಲ್ ಹಿಡಕೊಂಡು ಹೊಡದಾಡೋದು ಎಲ್ಲಿ ಐತಿ?" ಎಂದು ಅವ್ವ ಕೇಳಿದರೆ ಅಪ್ಪ ನನ್ನನ್ನು ತೋರಿಸಿ, "ಇಲ್ಲೈತಿ ನೋಡು" ಎಂದರು. ಡ್ಯೂಟಿ ಮುಗಿಸಿ, ಬೂಟಿನ ಮೇಲೆ ಕಬ್ಬಿಣದ ಪುಡಿ ಇರುವಾಗಲೇ ನನ್ನ ಬ್ಯಾಗು ಹೆಗಲಿಗೆ ಹಾಕಿಕೊಂಡು ಎಂಆರ್‌ಟಿ ರೈಲು ಹತ್ತುತ್ತಿದ್ದರು. ನನ್ನಷ್ಟೇ ಎತ್ತರದ ಬ್ಯಾಗು. ರೈಲಿನಲ್ಲಿ ಜನ ಮೂಗು ಮುಚ್ಚಿಕೊಳ್ಳುತ್ತಿದ್ದರು, ಹಾಕಿ ಸಾಮಾನಿನ ಬೆವರು ವಾಸನೆ ಅಂಥದ್ದು. ಅಪ್ಪ ಅವರನ್ನೇ ದಿಟ್ಟಿಸಿ ನೋಡಿ ಕಣ್ಣು ಕೆಳಗೆ ಮಾಡಿಸುತ್ತಿದ್ದರು. ಈ ಸಿಟ್ಟು ನನಗೆ ಅವರಿಂದಲೇ ಬಂದದ್ದು.

ಯುರೋಪಿನ ಆ ಊರಿನಲ್ಲಿ ಮೊದಲ ಮೂರು ವರ್ಷ ಚೆನ್ನಾಗಿತ್ತು. ನಾನು ಡಿಫೆನ್ಸ್ ಆಡುತ್ತಿದ್ದೆ, ಅಂದರೆ ನಮ್ಮ ಗೋಲಿನ ಮುಂದೆ ನಿಂತು ಬರುವವರನ್ನು ತಡೆಯುವ ಕೆಲಸ. ನಾಲ್ಕನೇ ವರ್ಷ ಹೊಸ ಕೋಚ್ ಬಂದ. ಆತನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಎಷ್ಟು ಯೋಚಿಸಿದರೂ ಒಂದೂ ಹೊಳೆಯುತ್ತಿಲ್ಲ. ಆತ ಬೈಯುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ. ಮಾತೇ ಆಡುತ್ತಿರಲಿಲ್ಲ.

ಆ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ಪಂದ್ಯದ ದಿನ, ನಾವು ಬರುವ ಮೊದಲೇ, ಡ್ರೆಸ್ಸಿಂಗ್ ರೂಮಿನಲ್ಲಿ ಅವರವರ ಜಾಗದ ಮೇಲಿನ ಮೊಳೆಗೆ ಅವರವರ ಜರ್ಸಿ ನೇತು ಹಾಕಿರುತ್ತಿದ್ದರು. ಜರ್ಸಿ ಇದ್ದರೆ ಆಡುತ್ತೀಯ. ಮೊಳೆ ಖಾಲಿ ಇದ್ದರೆ ಆಡುವುದಿಲ್ಲ. ಅಷ್ಟೇ. ಯಾಕೆ ಎಂದು ಕೇಳುವ ರೂಢಿ ಇರಲಿಲ್ಲ, ಹೇಳುವ ರೂಢಿಯೂ ಇರಲಿಲ್ಲ. ಖಾಲಿ ಮೊಳೆಯವಳು ಬ್ಯಾಗು ಎತ್ತಿಕೊಂಡು, ಮನೆಯ ಬಟ್ಟೆಯಲ್ಲೇ ಮೇಲೆ ಹೋಗಿ ಪ್ರೇಕ್ಷಕರ ನಡುವೆ ಕೂರಬೇಕು. ಮೊದಲು ಬೇರೆಯವರ ಮೊಳೆ ಖಾಲಿಯಾದಾಗ ನಾನೂ ಅವರತ್ತ ನೋಡದೆ ನನ್ನ ಬೂಟಿನ ದಾರ ಕಟ್ಟಿಕೊಂಡವಳೇ.

ಆ ಚಳಿಗಾಲದಲ್ಲಿ ಅಪ್ಪ ಅವ್ವ ನನ್ನ ಆಟ ನೋಡಲು ಬಂದರು. ನಾಲ್ಕು ವರ್ಷದಲ್ಲಿ ಅದೊಂದೇ ಸಲ. ಅಪ್ಪನಿಗೆ ಸಿಕ್ಕಿದ್ದು ಒಂದು ವಾರದ ರಜೆ, ಆ ವಾರದಲ್ಲಿ ಆ ಊರಿನಲ್ಲಿ ಇದ್ದದ್ದು ಒಂದು ಶನಿವಾರದ ಪಂದ್ಯ. ಹೀಗೆ ಅಪ್ಪ ಅವ್ವ ಬರುತ್ತಿದ್ದಾರೆ ಎಂದು ನಾನು ಹಿಂದಿನ ಸೋಮವಾರವೇ ಕೋಚ್‌ಗೆ ಹೇಳಿದ್ದೆ. ಆತ ಸರಿ ಎಂಬಂತೆ ತಲೆ ಆಡಿಸಿದ್ದ.

ಶನಿವಾರ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಕೆಳಗೆ ಹೋದೆ. ಅಪ್ಪ ಎರಡು ಸ್ವೆಟರ್ ಮೇಲೆ ಕೋಟು ಹಾಕಿ, ಮಂಕಿ ಕ್ಯಾಪಿನಲ್ಲಿ ಕಣ್ಣಷ್ಟೇ ಕಾಣುವ ಹಾಗೆ ಕೂತಿದ್ದರು. ಅವ್ವನ ತೊಡೆಯ ಮೇಲಿನ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಆಟ ಮುಗಿದ ಮೇಲೆ ನನಗೆ ಹಸಿವಾಗುತ್ತದೆ ಎಂದು ಸಿಂಗಾಪುರದಿಂದ ಕಟ್ಟಿಕೊಂಡು ಬಂದದ್ದು.

ನನ್ನ ಮೊಳೆ ಖಾಲಿ ಇತ್ತು.

ಅಲ್ಲೇ ನಿಂತುಕೊಂಡೆ. ಎಲ್ಲರೂ ಬೂಟಿನ ದಾರ ಕಟ್ಟುತ್ತಿದ್ದರು. ಕೋಚ್ ಕೋಣೆಯ ಬಾಗಿಲು ತಟ್ಟಿದೆ. ಆತ ಬಾಗಿಲು ತೆರೆದು ನನ್ನ ತಲೆಯ ಮೇಲಿನಿಂದ ಆಚೆಗೆ ನೋಡಿ, ಆಮೇಲೆ ಮಾತಾಡೋಣ ಎಂದ. ಆ ಆಮೇಲೆ ಇನ್ನೂ ಬಂದಿಲ್ಲ. ನಾನು ಏನು ತಪ್ಪು ಮಾಡುತ್ತಿದ್ದೆ, ನಿಧಾನವಾಗಿದ್ದೆನಾ, ಪಕ್ ಎಂಬ ಆಟದ ಬಿಲ್ಲೆ ಕಳೆದುಕೊಳ್ಳುತ್ತಿದ್ದೆನಾ, ನನ್ನ ಮುಖ ಆತನಿಗೆ ಆಗುತ್ತಿರಲಿಲ್ಲವಾ, ಇವತ್ತಿಗೂ ಗೊತ್ತಿಲ್ಲ. ಒಂದು ವಾಕ್ಯ ಸಾಕಿತ್ತು. ಎಂಥ ಕೆಟ್ಟ ವಾಕ್ಯವಾದರೂ ನಡೆಯುತ್ತಿತ್ತು.

ಜೀನ್ಸ್ ಪ್ಯಾಂಟಿನಲ್ಲಿ ಮೇಲೆ ಬಂದೆ. ಹೊರಗಿನ ಹಿಮ ಜನರ ಬೂಟಿಗೆ ಅಂಟಿ ಬಂದು ಮೆಟ್ಟಿಲೆಲ್ಲ ಒದ್ದೆಯಾಗಿತ್ತು. ಸಾಲು ಇಳಿಯುವಾಗ ಸ್ವಲ್ಪ ಜಾರಿ ಕಂಬಿ ಹಿಡಿದುಕೊಂಡೆ. ಅವ್ವ ಅದನ್ನು ನೋಡಿದಳು.

"ಯಾಕವಾ, ಮಣಕಾಲಿಗೆ ಏನರ ಆತೇನು? ಅದಕ್ಕಽ ಆಡಾಕತ್ತಿಲ್ಲೇನು?"

"ಹ್ಞೂಂ" ಎಂದೆ.

ಒಂದೇ ಶಬ್ದ. ಸುಳ್ಳನ್ನು ನಾನು ಕಟ್ಟಲಿಲ್ಲ, ಅವ್ವ ಕೊಟ್ಟದ್ದನ್ನು ತೆಗೆದುಕೊಂಡೆ ಎಂದು ಬಹಳ ದಿನ ನನಗೆ ನಾನೇ ವಾದ ಮಾಡಿಕೊಂಡೆ. ಕೆಲಸಕ್ಕೆ ಬಾರದ ವಾದ.

ಪಂದ್ಯ ಪೂರ್ತಿ ನಾವು ಮೂವರೂ ನೋಡಿದೆವು. ನನ್ನ ಜಾಗದಲ್ಲಿ ಆಡಿದ ಹುಡುಗಿಯನ್ನು ತೋರಿಸಿ ಅಪ್ಪ, "ನಿನ್ನಷ್ಟು ಛಲೋ ಇಲ್ಲ ಅಕಿ" ಎಂದರು. ನಾನು ರೊಟ್ಟಿ ತಿಂದೆ. ಆ ವಾರವಿಡೀ ನನ್ನ ಒಂದು ಕೋಣೆಯ ಮನೆಯಲ್ಲಿ ಅವ್ವ ಔಡಲೆಣ್ಣೆ ಬಿಸಿ ಮಾಡಿ ನನ್ನ ಎಡ ಮೊಣಕಾಲಿಗೆ ತಿಕ್ಕಿದಳು. ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ ಲಿಂಗಪೂಜೆ ಮಾಡಿಕೊಂಡು, ವಿಭೂತಿ ತಂದು ಅದೇ ಮೊಣಕಾಲಿಗೆ ಹಚ್ಚುತ್ತಿದ್ದಳು. ನನಗೆ ಬೇಕೆಂದೇ ಕುಂಟುವುದು ಬರುತ್ತಿರಲಿಲ್ಲ, ಆ ವಾರ ಕಲಿತೆ. ಹೊರಡುವ ದಿನ ಅವ್ವ ದೇವರಿಗೆ ಹೇಳಿಕೊಂಡಳು. ಮಗಳ ಕಾಲು ಸರಿಯಾಗಿ ಆಕೆ ಮತ್ತೆ ಆಡುವ ತನಕ ಸೋಮವಾರ ಒಪ್ಪತ್ತು.

ಒಪ್ಪತ್ತು ಎಂದರೆ ಮಧ್ಯಾಹ್ನ ಒಂದು ಹೊತ್ತು ಉಂಡರೆ ಮುಗಿಯಿತು. ಸಂಜೆ ಏನೂ ಇಲ್ಲ.

ಆ ವರ್ಷದ ಕೊನೆಗೆ ಕ್ಲಬ್ಬಿನವರು ನನ್ನನ್ನು ಮುಂದುವರಿಸಲಿಲ್ಲ. ಬೇರೆ ಯಾವ ಕ್ಲಬ್ಬೂ ಕರೆಯಲಿಲ್ಲ. ಸೆಂಬವಾಂಗ್‌ನ ಅದೇ ಫ್ಲ್ಯಾಟಿಗೆ, ಅದೇ ನನ್ನ ಕೋಣೆಗೆ ಬಂದೆ. ಬರುವಷ್ಟರಲ್ಲಿ ಅಪ್ಪ ಕಟ್ಟಡದ ಕೆಳಗಿನ ತೆರೆದ ಅಂಗಳ, ವಾಯ್ಡ್ ಡೆಕ್ಕಿನಲ್ಲಿ ಕೂರುವ ಚೀನಿ ಅಂಕಲ್‌ಗಳಿಂದ ಹಿಡಿದು ಯಾರ್ಡಿನ ಸೂಪರ್‌ವೈಸರ್ ವರೆಗೆ ಎಲ್ಲರಿಗೂ ನನ್ನ ಮೊಣಕಾಲಿನ ಕಥೆ ಹೇಳಿ ಮುಗಿಸಿದ್ದರು. ಪೆಟ್ಟಾದ ಮೇಲೂ ಒಂದು ಪಂದ್ಯ ಆಡಿದ್ದಳು ಎಂದು ಸೇರಿಸಿದ್ದರು. ಅವರ ಮುಖದಲ್ಲಿದ್ದ ಹೆಮ್ಮೆ ನೋಡಿ ನಾನು ಆ ಕಥೆಯನ್ನು ತಿದ್ದಲಿಲ್ಲ. ಕೋಚ್ ಕೆಲಸ ಸಿಕ್ಕಿದಾಗ ಕ್ಲಬ್ಬಿನವರಿಗೂ ಅಪ್ಪನೇ ಹೇಳಿದ್ದು. ಅವರು ಪೋಸ್ಟರಿನಲ್ಲಿ ಹಾಕಿದರು. ಪ್ರತಿ ಸೀಸನ್ನಿನ ಮೊದಲ ದಿನ ಹುಡುಗಿಯರು, "ಕೋಚ್, ಆ ಮೊಣಕಾಲಿನ ಇಂಜುರಿ ಕಥೆ ಹೇಳಿ" ಎನ್ನುತ್ತಿದ್ದರು. ಹೇಳುತ್ತಿದ್ದೆ. ಹೇಳಿ ಹೇಳಿ ನನಗೇ ಎಡಗಾಲು ಒಮ್ಮೊಮ್ಮೆ ಹಿಡಿದ ಹಾಗಾಗುತ್ತಿತ್ತು.

ಅಪ್ಪ ಲಿಂಗೈಕ್ಯರಾಗಿ ಮೂರು ವರ್ಷವಾಯಿತು. ನಂಬಿಕೊಂಡೇ ಹೋದರು.

ಸೋಮವಾರಗಳು ಮಾತ್ರ ನಿಲ್ಲಲಿಲ್ಲ. ಕಾಲು ಸರಿಹೋಗಿದೆ ಬಿಡವ್ವಾ, ದಿನಾ ಐಸ್ ಮೇಲೇ ಇರುತ್ತೇನಲ್ಲ ಎಂದು ಎಷ್ಟೋ ಸಲ ಹೇಳಿದೆ. "ಸರಿ ಆಗಿದ್ರ ಮತ್ಯಾಕ ಆಡಾಕ ಹೋಗ್ಲಿಲ್ಲ?" ಎನ್ನುತ್ತಿದ್ದಳು. ಅದಕ್ಕೆ ನನ್ನ ಹತ್ತಿರ ಎರಡೇ ಉತ್ತರ, ಒಂದು ಸುಳ್ಳು, ಇನ್ನೊಂದು ನಿಜ. ಎರಡನ್ನೂ ಹೇಳದೆ ತಟ್ಟೆ ಮುಂದೆ ಕೂರುತ್ತಿದ್ದೆ. ಅವ್ವ ನನಗೆ ಬಡಿಸಿ, ತಾನು ಒಂದು ಲೋಟ ನೀರು ಹಿಡಿದುಕೊಂಡು ಎದುರಿಗೆ ಕೂತು, "ಉಣ್ಣು, ಇನ್ನೊಂದ್ ರೊಟ್ಟಿ ಹಾಕ್ಸಿಕೊ" ಎನ್ನುತ್ತಿದ್ದಳು. ನಾನು ಉಣ್ಣುತ್ತಿದ್ದೆ. ಅದನ್ನು ಬರೆಯುವಾಗ ನಾಚಿಕೆಗಿಂತ ಹೆಚ್ಚಾಗಿ ನನ್ನ ಮೇಲೇ ಸಿಟ್ಟು ಬರುತ್ತದೆ.

ಕೋಚ್ ಆದ ದಿನ ಒಂದು ನಿಶ್ಚಯ ಮಾಡಿಕೊಂಡಿದ್ದೆ. ತಂಡದಿಂದ ಯಾರನ್ನು ಬಿಟ್ಟರೂ ಮುಖ ನೋಡಿ ಹೇಳುತ್ತೇನೆ, ಕಾರಣ ಹೇಳುತ್ತೇನೆ. ಎಂಟು ಸೀಸನ್ ಹಾಗೇ ಮಾಡಿದೆ. ತಂಡ ಪ್ರಕಟಿಸುವ ಮೊದಲು ಕೈಬಿಡಬೇಕಾದವಳನ್ನು ಬೆಂಚಿನ ಪಕ್ಕ ಕರೆದು, ಇಬ್ಬರೂ ಹೆಲ್ಮೆಟ್ ತೆಗೆದು ಕೂತು, ಇಂಥದ್ದು ಸಾಲದು, ಇದನ್ನು ಹೀಗೆ ಸರಿ ಮಾಡಿಕೋ ಎಂದು ಹೇಳುತ್ತಿದ್ದೆ. ಅಳುತ್ತಿದ್ದರು. ಒಬ್ಬಳ ತಾಯಿ ಪಾರ್ಕಿಂಗ್‌ನಲ್ಲಿ ನಿಂತು ನನಗೆ ಬಾಯಿಗೆ ಬಂದ ಹಾಗೆ ಬೈದರು. ಬೈಯಲಿ ಎಂದುಕೊಂಡೆ. ಆ ಯುರೋಪಿನ ಮನುಷ್ಯನಿಗಿಂತ ನಾನು ಮೇಲು ಎಂದು ಪ್ರತಿ ಸಲ ಒಳಗೊಳಗೇ ಬೀಗುತ್ತಿದ್ದೆ.

ಈ ವರ್ಷ ಪಕ್ಕದ ದೇಶದಲ್ಲಿ ಟೂರ್ನಮೆಂಟ್. ಹದಿನಾರು ಮಂದಿಗೆ ಜಾಗ, ತಂಡದಲ್ಲಿ ಹದಿನೇಳು ಹುಡುಗಿಯರು. ಬಿಡಬೇಕಾದವಳು ಯಾರೆಂದು ನನಗೆ ಮೊದಲ ವಾರವೇ ಗೊತ್ತಿತ್ತು. ನಮ್ಮ ತಂಡದ ಒಬ್ಬಳೇ ಕನ್ನಡದ ಹುಡುಗಿ. ಹದಿನಾರು ವರ್ಷ, ನನ್ನ ಹಾಗೇ ಡಿಫೆನ್ಸ್. ಧೈರ್ಯ ಇದೆ, ಹಟ ಇದೆ. ಆದರೆ ಹಿಂದಕ್ಕೆ ಸ್ಕೇಟ್ ಮಾಡುತ್ತ ಎಡಕ್ಕೆ ತಿರುಗುವಾಗ ಒಂದು ಕ್ಷಣ ತಡ. ಆ ಒಂದು ಕ್ಷಣದಲ್ಲಿ ಎದುರಾಳಿ ಪಕ್ಕದಿಂದ ದಾಟಿಹೋಗುತ್ತಾಳೆ.

ಹೇಳಬೇಕಾದ್ದು ಇಷ್ಟೇ. ಹೇಳಲಿಲ್ಲ.

ಯಾಕೆಂದರೆ ಅವಳ ತಂದೆತಾಯಿ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ದುಡಿಯುತ್ತ, ವಾರಕ್ಕೆ ಮೂರು ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಅವಳನ್ನು ರಿಂಕಿಗೆ ಬಿಟ್ಟುಹೋಗುವವರು. ಯಾಕೆಂದರೆ ವಿಜಯಪುರದಿಂದ ಎರಡು ತಿಂಗಳ ಮಟ್ಟಿಗೆ ಬಂದಿದ್ದ ಅವಳ ಅಜ್ಜಿ ಪ್ರತಿ ಶನಿವಾರ ನನಗೆಂದು ರೊಟ್ಟಿ ಕಳಿಸುತ್ತಿದ್ದರು. ಒಬ್ಬ ಮಲೇ ಹುಡುಗಿಗೋ ಚೀನಿ ಹುಡುಗಿಗೋ ನೆಟ್ಟಗೆ ಹೇಳಲು ಬರುತ್ತಿದ್ದ ಬಾಯಿ, ರೊಟ್ಟಿ ಕಳಿಸುವವರ ಮೊಮ್ಮಗಳ ಮುಂದೆ ತೆರೆಯಲಿಲ್ಲ. ಮೂರು ದಿನ ನಾಳೆ ನಾಳೆ ಎಂದೆ. ನಾಲ್ಕನೇ ದಿನ ಮನೆಗೆ ಬರುವ ರೈಲಿನಲ್ಲಿ ನಿಂತುಕೊಂಡು, ಹದಿನಾರು ಹೆಸರು ಟೈಪ್ ಮಾಡಿ ತಂಡದ ವಾಟ್ಸಾಪ್ ಗ್ರೂಪಿಗೆ ಹಾಕಿ, ಫೋನನ್ನು ಬ್ಯಾಗಿನೊಳಗೆ ತಳ್ಳಿದೆ.

ಮುಂದಿನ ತರಬೇತಿಗೆ ಅವಳು ಮನೆಯ ಬಟ್ಟೆಯಲ್ಲಿ ಬಂದಳು. ಬಲಗಾಲಿನ ಹರಡಿಗೆ ಬ್ಯಾಂಡೇಜು, ಕುಂಟುತ್ತಿದ್ದಳು.

"ಕೋಚ್, ಆ್ಯಂಕಲ್ ಟ್ವಿಸ್ಟ್ ಆಯ್ತು. ಕಾಂಡೋ ಸ್ಟೆಪ್ಸ್‌ನಲ್ಲಿ. ಸೋ ಹೇಗೂ ಬರಕ್ಕೆ ಆಗ್ತಿರ್ಲಿಲ್ಲ."

ಉಳಿದ ಹುಡುಗಿಯರು ಅಯ್ಯೋ ಎನ್ನುತ್ತ ಅವಳ ಸುತ್ತ ನಿಂತರು. ನನಗೆ ಏನನ್ನಿಸಿತು ಎಂದು ನಿಜ ಹೇಳುತ್ತೇನೆ. ಸಮಾಧಾನವಾಯಿತು. "ರೆಸ್ಟ್ ತಗೋ" ಎಂದು ಅವಳ ಹೆಗಲು ತಟ್ಟಿ ಸೀಟಿ ಊದಿದೆ. ಅವಳು ಬಾಗಿಲ ಕಡೆ ನಡೆಯುವಾಗ ಕಾಲು ನೋಡಿದೆ. ನೋವಿದ್ದವರು ನೆಲಕ್ಕೆ ಕಾಲು ಊರುವ ಮೊದಲೇ ಮುಖ ಹಿಂಡುತ್ತಾರೆ. ಇವಳು ಕಾಲು ಊರಿ, ಆಮೇಲೆ ನೆನಪಾಗಿ ಕುಂಟುತ್ತಿದ್ದಳು. ನನಗೆ ಆ ನಡಿಗೆ ಗೊತ್ತು. ಒಂದು ವಾರ ಅಭ್ಯಾಸ ಮಾಡಿದ್ದೇನೆ. ಆದರೂ ನಾನು ಕರೆಯಲಿಲ್ಲ.

ಭಾನುವಾರ ಅವಳ ತಾಯಿಯ ವಾಯ್ಸ್ ಮೆಸೇಜ್ ಬಂತು. "ಪಾಪ, ನಿಮ್ಮ ಹಾಗೇ ಆಯ್ತು ನೋಡಿ ಇವಳಿಗೂ. ತುಂಬಾ ಡಲ್ ಆಗ್ಬಿಟ್ಟಿದಾಳೆ. ಅತ್ತೆ ದಿನಾ ಪಟ್ಟು ಹಾಕ್ತಿದಾರೆ, ಆದ್ರೂ ಕಡಿಮೆ ಆಗ್ತಿಲ್ಲ. ನೀವು ಅನುಭವ ಆದವ್ರು, ಒಂದ್ಸಲ ಬಂದು ಧೈರ್ಯ ಹೇಳಿ, ಪ್ಲೀಸ್."

ನಿಮ್ಮ ಹಾಗೇ. ಆ ಎರಡು ಶಬ್ದ ಇಡೀ ದಿನ ತಲೆಯೊಳಗೆ ಕೊರೆದವು.

ಸೋಮವಾರ ಮಧ್ಯಾಹ್ನ ಪೆಂಗ್ವಿನ್‌ಗಳನ್ನು ಕೋಣೆಗೆ ಸೇರಿಸಿ ಎಕ್ಸ್‌ಪೋ ಕಡೆಯ ರೈಲು ಹಿಡಿದು ಅವಳ ಮನೆಗೆ ಹೋದೆ. ಬಾಗಿಲು ತೆರೆದವರು ಅಜ್ಜಿ. ತಂದೆತಾಯಿ ಇನ್ನೂ ಆಫೀಸಿನಲ್ಲಿದ್ದರು.

"ಬಾ ಕೋಚಮ್ಮ, ಬಾ. ರೊಟ್ಟಿ ಮೆತ್ತಗ ಆಗಿದ್ವೇನು ಮೊನ್ನೆ?"

ಹುಡುಗಿ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. ಹುಣಸೆಹಣ್ಣು, ಉಪ್ಪು, ಅರಿಶಿನ ಕುದಿಸಿದ ವಾಸನೆ ಮನೆಯೆಲ್ಲ ತುಂಬಿತ್ತು. ಅಜ್ಜಿ ನೆಲದ ಮೇಲೆ ಕೂತು ಪಟ್ಟು ಬಿಚ್ಚಿ ನನಗೆ ತೋರಿಸಿದರು. "ನೋಡು, ಬಾವು ಬಂದಿಲ್ಲ. ಒಳಬ್ಯಾನಿ ಇರಬೇಕು." ಹರಡಿನ ಮೇಲೆ ಬಾವು ಇರಲಿಲ್ಲ. ಆದರೆ ದಿನಾ ಸುಡುಸುಡುವ ಪಟ್ಟು ಹಾಕಿಸಿಕೊಂಡು ಚರ್ಮ ಕೆಂಪಗೆ ಸುಲಿದಿತ್ತು. ನೋವಿಲ್ಲದ ಕಾಲಿಗೆ ನೋವು ಬಂದಿತ್ತು. ಹುಡುಗಿ ಗೋಡೆ ನೋಡುತ್ತಿದ್ದಳು. ಅಜ್ಜಿ ಬಟ್ಟಲಿನಿಂದ ಹೊಸ ಪಟ್ಟು ತೆಗೆದು ಊದಿಕೊಂಡರು.

ಹುಡುಗಿಯನ್ನು ಒಬ್ಬಳೇ ಕೋಣೆಗೆ ಕರೆದು ಮೆತ್ತಗೆ ಹೇಳಬಹುದಿತ್ತು. ಇನ್ನು ಎರಡು ದಿನ ಬಿಟ್ಟು ಪಟ್ಟು ತೆಗೆಯಿರಿ, ಗುಣವಾಗುತ್ತದೆ ಎಂದು ಅಜ್ಜಿಗೆ ಹೇಳಿ ಎದ್ದು ಬರಬಹುದಿತ್ತು. ಎರಡೂ ಹೊಳೆದವು. ಆದರೆ ಆ ಬಿಸಿ ಪಟ್ಟು ಚರ್ಮ ಮುಟ್ಟುವುದನ್ನು ನೋಡಲು ನನ್ನಿಂದಾಗಲಿಲ್ಲ.

"ಅಜ್ಜಿ, ಹಾಕಬ್ಯಾಡ್ರಿ. ಇಕಿ ಕಾಲಿಗೆ ಏನೂ ಆಗಿಲ್ಲ. ಟೀಮಿನಿಂದ ನಾನಽ ಬಿಟ್ಟೀನಿ. ಅದನ್ನ ಇಕಿಗೆ ಹೇಳೋ ಧೈರ್ಯ ನನಗ ಆಗ್ಲಿಲ್ಲ."

ಅಜ್ಜಿಯ ಕೈ ಅಲ್ಲೇ ನಿಂತಿತು. ಹುಡುಗಿ ನನ್ನ ಕಡೆ ತಿರುಗಿದಳು. ಅಂಥ ಸಿಟ್ಟನ್ನು ನಾನು ಕನ್ನಡಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ.

"ಈಗ ಯಾಕೆ ಹೇಳಿದ್ರಿ?" ಎಂದಳು. "ಅವತ್ತು ಹೇಳ್ಬೋದಿತ್ತಲ್ಲ, ಕೋಚ್. ಎಲ್ಲರನ್ನೂ ಕರೆದು ಹೇಳ್ತೀರಾ. ನನಗೆ ಮಾತ್ರ ವಾಟ್ಸಾಪ್. ನಾನು ಲಿಸ್ಟನ್ನ ಮೂರು ಸಲ ಸ್ಕ್ರೋಲ್ ಮಾಡ್ದೆ, ನನ್ನ ಹೆಸರು ಮಿಸ್ ಆಗಿರ್ಬೇಕು ಅಂತ. ಅಜ್ಜಿ ಪಕ್ಕದಲ್ಲೇ ಕೂತಿದ್ರು, ಏನಾಯ್ತು ಅಂದ್ರು. ಏನಂತ ಹೇಳ್ಲಿ?"

"ಎಡಕ್ಕೆ ತಿರುಗೋವಾಗ ನೀನು ನಿಧಾನ" ಎಂದೆ. "ಹಿಂದಕ್ಕೆ ಬರ್ತಾ ಎಡಕ್ಕೆ. ಅದೇ ಕಾರಣ. ಬೇರೇನಿಲ್ಲ."

"ಅಷ್ಟೇನಾ?"

"ಅಷ್ಟೇ."

"ಇದನ್ನ ಹೇಳಕ್ಕೆ ಇಷ್ಟು ದಿನನಾ?" ಅವಳು ಕಾಲು ಎಳೆದುಕೊಂಡಳು. "ಇಂಜುರಿ ಅಂದ್ರೆ ಯಾರೂ ಏನೂ ಕೇಳಲ್ಲ. ನಿಮ್ಮಿಂದಾನೇ ಕಲ್ತಿದ್ದು. ಆದ್ರೆ ನಿಮ್ದು ರಿಯಲ್ ಇಂಜುರಿ, ನಂದು ಫೇಕ್. ಓಕೆ, ಗೊತ್ತು."

ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಆ ಮನೆಯಿಂದ ಒಳ್ಳೆಯ ಕೋಚ್ ಆಗಿಯೇ ಹೊರಗೆ ಬರುತ್ತಿದ್ದೆ. ತಡವಾಗಿಯಾದರೂ ಸತ್ಯ ಹೇಳಿದವಳು ಎನ್ನಿಸಿಕೊಳ್ಳುತ್ತಿದ್ದೆ. ಆದರೆ ಅವಳ ಆ ಕೆಂಪು ಚರ್ಮ ಕಣ್ಣೆದುರಿಗಿತ್ತು.

"ನಂದೂ ಫೇಕೇ" ಎಂದೆ. "ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ. ನನ್ನನ್ನೂ ಹೀಗೇ ಬಿಟ್ಟಿದ್ರು. ನಮ್ಮಮ್ಮನಿಗೆ ಸುಳ್ಳು ಹೇಳಿದೆ."

ಹುಡುಗಿಗೆ ಸಮಾಧಾನವಾಗಬಹುದು, ಅಳಬಹುದು, ಬಂದು ಅಪ್ಪಿಕೊಳ್ಳಬಹುದು ಎಂದೇನಾದರೂ ಅಂದುಕೊಂಡಿದ್ದೆನಾ, ಗೊತ್ತಿಲ್ಲ. ಅವಳು ಕೇಳಿದ್ದು ಬೇರೆ.

"ಅವರಿಗೆ ಈಗ ಗೊತ್ತಾ? ನಿಮ್ಮ ಅಮ್ಮಂಗೆ?"

ನಾನು ಬ್ಯಾಗು ಹೆಗಲಿಗೆ ಏರಿಸಿಕೊಂಡೆ.

"ಸೋ ನನ್ನ ಅಜ್ಜಿಗೆ ಹೇಳ್ತೀರಾ, ನಿಮ್ಮ ಅಮ್ಮಂಗೆ ಹೇಳಲ್ಲ" ಎಂದಳು. ಎದ್ದು, ಕುಂಟದೆ ನಡೆದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಅಜ್ಜಿ ಪಟ್ಟನ್ನು ಬಟ್ಟಲಿಗೆ ವಾಪಸ್ ಹಾಕಿ, ಕೈ ಒರೆಸಿಕೊಂಡರು. "ಒಬ್ಬಕಿ ಕಲಿಸ್ಯಾಳ, ಒಬ್ಬಕಿ ಕಲತಾಳ" ಎಂದರು. ನನಗೆ ಹೇಳಿದ್ದಲ್ಲ, ಬಟ್ಟಲಿಗೆ ಹೇಳಿದ ಹಾಗಿತ್ತು. ಬಾಗಿಲ ತನಕ ಬಂದರು, ಚಹಾ ಕುಡಿ ಎನ್ನಲಿಲ್ಲ. ಆ ಶನಿವಾರದಿಂದ ರೊಟ್ಟಿಯೂ ನಿಂತಿತು.

ಹುಡುಗಿ ಎರಡು ವಾರ ಬಿಟ್ಟು ರಿಂಕಿಗೆ ಬಂದಳು. ನನ್ನ ಜೊತೆ ಬೇಕಾದಷ್ಟೇ ಮಾತು. ತರಬೇತಿ ಶುರುವಾಗುವ ಮೊದಲು ಒಬ್ಬಳೇ ಮೂಲೆಯಲ್ಲಿ ಹಿಂದಕ್ಕೆ ಸ್ಕೇಟ್ ಮಾಡುತ್ತ ಎಡಕ್ಕೆ ತಿರುಗುತ್ತಾಳೆ, ಬೀಳುತ್ತಾಳೆ, ಮತ್ತೆ ತಿರುಗುತ್ತಾಳೆ. ನಾನು ಹತ್ತಿರ ಹೋದರೆ ನಿಲ್ಲಿಸುತ್ತಾಳೆ. ಅದಕ್ಕೆ ದೂರದಿಂದಲೇ ನೋಡುತ್ತೇನೆ.

ಆ ಸೋಮವಾರ ಅವರ ಮನೆಯಿಂದ ಸೆಂಬವಾಂಗ್ ತಲುಪಿದಾಗ ಸಂಜೆ ಏಳು. ದಾರಿಯುದ್ದಕ್ಕೂ ಬೈದುಕೊಂಡು ಬಂದಿದ್ದೆ. ಆ ಕೋಚ್‌ನನ್ನು, ಖಾಲಿ ಮೊಳೆಯನ್ನು, ಫ್ರಿಜ್ ಅಂಕಲ್‌ಗಳನ್ನು, ಪೆಂಗ್ವಿನ್‌ಗಳನ್ನು. ಲಿಫ್ಟ್ ಹತ್ತುವಷ್ಟರಲ್ಲಿ ಬೈಯಲು ಬೇರೆ ಯಾರೂ ಉಳಿದಿರಲಿಲ್ಲ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬದನೆಕಾಯಿ ಪಲ್ಯದ ವಾಸನೆ. ಮೇಜಿನ ಮೇಲೆ ನನ್ನ ತಟ್ಟೆ, ಅದರ ಎದುರಿಗೆ ಅವ್ವನ ನೀರಿನ ಲೋಟ.

ನಿಂತೇ ಹೇಳಿದೆ. ಮೊಳೆಯಿಂದ ಶುರುಮಾಡಿ ಎಲ್ಲ ಹೇಳಿದೆ. ಅವ್ವ ತಿರುಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಮಗುಚಿದಳು, ಬೆಂದ ಮೇಲೆ ತೆಗೆದಳು, ಒಲೆ ಆರಿಸಿದಳು.

"ನಿಮ್ಮಪ್ಪಗ ಹೇಳಿದ್ದೇನು?"

"ಇಲ್ಲ."

"ಅವರು ಆಸ್ಪತ್ರ್ಯಾಗ ಇದ್ದಾಗೂ?"

"ಇಲ್ಲವ್ವಾ."

ಬಯ್ಯಲಿ ಎಂದು ಕಾದೆ. ಬಯ್ದಿದ್ದರೆ ನನಗೆ ಅಭ್ಯಾಸವಿತ್ತು, ತಿರುಗಿ ಎರಡು ಮಾತಾಡಬಹುದಿತ್ತು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು, ಎದುರಿನ ಕುರ್ಚಿಯಲ್ಲಿ ಕೂತಳು. ನೀರಿನ ಲೋಟ ಆಚೆ ಸರಿಸಿದಳು. ನನಗೆಂದು ಇಟ್ಟಿದ್ದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಎರಡು ರೊಟ್ಟಿ ಹಾಕಿಕೊಂಡಳು, ಪಲ್ಯ ಬಡಿಸಿಕೊಂಡಳು, ಚಟ್ನಿ ಹಾಕಿ ಎಣ್ಣೆ ಬಿಟ್ಟುಕೊಂಡಳು.

ಒಂಬತ್ತು ವರ್ಷದಲ್ಲಿ ಮೊದಲ ಸಲ ನಾನು ಅವ್ವ ಸೋಮವಾರ ಸಂಜೆ ಉಣ್ಣುವುದನ್ನು ನೋಡಿದೆ. ಅವಸರ ಮಾಡದೆ, ಒಂದೊಂದೇ ತುತ್ತು ಮುರಿದು, ನನ್ನ ಮುಖವನ್ನೇ ನೋಡುತ್ತ ಉಂಡಳು. ಮೂರನೇ ರೊಟ್ಟಿಗೆ ತಾನೇ ಕೈ ಚಾಚಿದಳು. ನಾನು ಬ್ಯಾಗು ಹೆಗಲಿನಿಂದ ಇಳಿಸದೆ ನಿಂತೇ ಇದ್ದೆ. ನನಗೆ ಉಣ್ಣು ಎನ್ನಲಿಲ್ಲ.